ದಾರಿ ಬಿಟ್ಟವನ ಮೇಲೆ ಸಿಟ್ಟು ಬೇಡ

ಓದುಗರ ಪತ್ರ: "ಸಂಪಾದಕರೇ, ಫಾರ್ಮುಲಾ ಒನ್ ವಿಷಯ ಬಂದಾಗೆಲ್ಲ ನೀವು ಟೀಮ್ ಆರ್ಡರ್ ಅನ್ನು, ಅಂದರೆ ಜೊತೆಯ ಡ್ರೈವರ್‌ಗೆ ದಾರಿ ಬಿಡು ಅಂತ ತಂಡ ಕೊಡುವ ಆಜ್ಞೆಯನ್ನು, ಬೈಯುತ್ತೀರಿ. ರೇಸ್ ಅಂದರೆ ತಂಡದ ಆಟ. ಕಾರು ತಂಡದ್ದು, ಸಂಬಳ ಕೊಡೋದು ತಂಡ. 2010ರಲ್ಲಿ ಜರ್ಮನಿಯ ರೇಸಿನಲ್ಲಿ ಫೆರಾರಿ ತನ್ನ ಡ್ರೈವರ್ ಮಾಸಾನಿಂದ ಇನ್ನೊಬ್ಬ ಡ್ರೈವರ್ ಅಲೊನ್ಸೊಗೆ ದಾರಿ ಬಿಡಿಸಿದ್ದರಲ್ಲಿ ತಪ್ಪೇನು? ಒಂದು ಲಕ್ಷ ಡಾಲರ್ ದಂಡವೇ ಜಾಸ್ತಿಯಾಯ್ತು. ಅಷ್ಟು ಬೇಜಾರಿದ್ದರೆ ಮಾಸಾ ದಾರಿ ಬಿಡಬಾರದಿತ್ತು. ಬಿಟ್ಟ ಮೇಲೆ ಮುಖ ಸಣ್ಣದು ಮಾಡಿಕೊಂಡು ನಿಲ್ಲೋದು ಯಾಕೆ?" – ದಾವಣಗೆರೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದು ಹತ್ತು ದಿನವಾಯ್ತು. ಮೊದಲ ದಿನ ಓದಿ ಬದಿಗಿಟ್ಟೆ. ಆಮೇಲೆ ಮತ್ತೆ ಮತ್ತೆ ತೆಗೆದು ಓದಿದೆ. ಚೆನ್ನಾಗಿ ಬರೆದಿದ್ದೀರಿ, ಸುತ್ತಿ ಬಳಸದೆ ಹೇಳಿದ್ದೀರಿ. ಆದರೆ ಆ ಕೊನೆಯ ಎರಡು ಸಾಲು ಇದೆಯಲ್ಲ, ಅದು ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ.

ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೌದು, ಇದು ತಂಡದ ಆಟವೂ ಹೌದು. ಅವತ್ತು ಜರ್ಮನಿಗೆ ಬರುವಾಗ ಅಲೊನ್ಸೊ ಹತ್ತಿರ 98 ಅಂಕ ಇತ್ತು, ಮಾಸಾ ಹತ್ತಿರ 67. ಯಾರ ಮೇಲೆ ಭರವಸೆ ಇಡಬೇಕು ಅನ್ನುವ ಲೆಕ್ಕ ಫೆರಾರಿಗೆ ಕಷ್ಟವಿರಲಿಲ್ಲ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ ತಂಡವನ್ನೇ ನೋಡಿ. 2017ರಲ್ಲಿ ಅದರ ಡ್ರೈವರ್‌ಗಳಾದ ಪೆರೆಜ್ ಮತ್ತು ಒಕಾನ್ ಬಾಕುವಿನಲ್ಲಿ ಒಬ್ಬರಿಗೊಬ್ಬರು ಗುದ್ದಿಕೊಂಡರು, ಆಮೇಲೆ ಬೆಲ್ಜಿಯಂನ ಸ್ಪಾದಲ್ಲಿ ಒಂದೇ ರೇಸಿನಲ್ಲಿ ಎರಡು ಸಲ ಗುದ್ದಿಕೊಂಡರು. ಇನ್ನು ಮುಂದೆ ನಿಮ್ಮಿಬ್ಬರ ನಡುವೆ ಪೈಪೋಟಿ ಬೇಡ ಅಂತ ತಂಡ ಎಲ್ಲರೆದುರೇ ಹೇಳಿತು. ಅದಕ್ಕೆ ನನ್ನ ತಕರಾರಿಲ್ಲ. ಇಬ್ಬರಿಗೂ ಒಂದೇ ನಿಯಮ, ಬಾಗಿಲು ತೆರೆದಿಟ್ಟು ಹೇಳಿದ ಮಾತು.

ಆದರೆ ಜರ್ಮನಿಯ ಆ ರೇಸು ನಡೆದ ಹಾಕನ್‌ಹೈಮ್‌ನಲ್ಲಿ ಆದದ್ದು ಅದಲ್ಲ ಅಲ್ವಾ?

2010ರ ಜುಲೈ 25. ಸರಿಯಾಗಿ ಒಂದು ವರ್ಷ ಹಿಂದೆ, 2009ರ ಜುಲೈ 25ರಂದು, ಹಂಗೆರಿಯಲ್ಲಿ ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ) ನಡೆಯುವಾಗ ಮುಂದಿನ ಕಾರಿನಿಂದ ಕಳಚಿಬಿದ್ದ ಸ್ಪ್ರಿಂಗ್ ಒಂದು ಮಾಸಾ ಹೆಲ್ಮೆಟ್ಟಿಗೆ ಬಡಿದಿತ್ತು. ತಲೆಬುರುಡೆಗೆ ಪೆಟ್ಟು, ಆಪರೇಷನ್, ಆ ಸೀಸನ್ನಿನ ಉಳಿದ ರೇಸೆಲ್ಲ ಹೋಯ್ತು. ಬದುಕಿದ್ದೇ ದೊಡ್ಡದು ಅಂದವರಿದ್ದರು. ಅಂಥ ಮನುಷ್ಯ ವರ್ಷ ತುಂಬಿದ ದಿನವೇ ಮೂರನೇ ಜಾಗದಿಂದ ಹೊರಟು, ಮೊದಲ ತಿರುವಿನಲ್ಲೇ ಬೇರೆ ತಂಡದ ವೆಟೆಲ್‌ನನ್ನೂ ಅಲೊನ್ಸೊನನ್ನೂ ಹಿಂದೆ ಹಾಕಿ, ರೇಸಿನ ಮುಂದಾಳಾಗಿ ಓಡಿಸುತ್ತಿದ್ದ. 67 ಲ್ಯಾಪ್‌ಗಳ, ಅಂದರೆ ಸುತ್ತುಗಳ, ರೇಸು. ನಲವತ್ತೆಂಟು ಲ್ಯಾಪ್ ಮುಗಿದಿತ್ತು. ಆಗ ಅವನ ಎಂಜಿನಿಯರ್ ರಾಬ್ ಸ್ಮೆಡ್ಲಿ ರೇಡಿಯೊದಲ್ಲಿ, ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳಿದ: ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ. ಈ ಮಾತು ಅರ್ಥವಾಯ್ತಾ, ಹೇಳು.

ಮಾಸಾ ಉತ್ತರ ಕೊಡಲಿಲ್ಲ. ಹೇರ್‌ಪಿನ್ ತಿರುವು ದಾಟಿದ ಮೇಲೆ ಕಾರಿನ ವೇಗ ಇಳಿಸಿದ. ಅಲೊನ್ಸೊ ಪಕ್ಕದಿಂದ ಹೋದ. ಅಷ್ಟೇ.

ಆಗ ಟೀಮ್ ಆರ್ಡರ್‌ಗೆ ನಿಷೇಧವಿತ್ತು, ಅದನ್ನು ನಿಮ್ಮ ಪತ್ರ ಮರೆತಿದೆ. ನಿಯಮ ಸರಿಯೋ ತಪ್ಪೋ ಆಮೇಲಿನ ಮಾತು. ನಿಯಮ ಇತ್ತು, ತಂಡಕ್ಕೆ ಗೊತ್ತಿತ್ತು, ಗೊತ್ತಿದ್ದೇ ಮಾತನ್ನು ತಿರುಚಿ ಹೇಳಿಸಿದರು. ನೇರವಾಗಿ "ದಾರಿ ಬಿಡು" ಅನ್ನುವ ಧೈರ್ಯ ಆಜ್ಞೆ ಕೊಟ್ಟವರಿಗೆ ಇರಲಿಲ್ಲ. ಎಂಜಿನಿಯರ್ ಬಾಯಲ್ಲಿ ಒಗಟು ಹೇಳಿಸಿ, ಡ್ರೈವರ್ ಕಾಲಲ್ಲಿ ಅದನ್ನು ಬಿಡಿಸಿದರು. ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ಅವತ್ತೇ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಸೆಪ್ಟೆಂಬರ್ 8ರಂದು ಈ ಆಟದ ನಿಯಮ ನೋಡಿಕೊಳ್ಳುವ ಸಂಸ್ಥೆ ಎಫ್‌ಐಎದ ದೊಡ್ಡ ಸಭೆ ಕೂತಿತು, ಇನ್ನೇನಾದರೂ ಶಿಕ್ಷೆ ಬೀಳುತ್ತದೆ ಅಂತ ಎಲ್ಲರೂ ಕಾದರು. ಅದೇ ದಂಡ ಉಳಿಯಿತು, ಒಂದೇ ಒಂದು ಅಂಕ ಕಡಿತವಾಗಲಿಲ್ಲ. ಗೆದ್ದ ಅಲೊನ್ಸೊಗೆ 25 ಅಂಕ, ಎರಡನೆಯವನಾದ ಮಾಸಾಗೆ 18, ಹಾಗೇ ಉಳಿದವು. ಮುಂದಿನ ವರ್ಷ ನಿಯಮವನ್ನೇ ತೆಗೆದುಹಾಕಿದರು.

ಈಗ ನೀವೇ ಹೇಳಿ, ಆ ದಂಡ ಜಾಸ್ತಿಯಾ? ಕೋಟಿಗಟ್ಟಲೆ ಸುರಿಯುವ ತಂಡಕ್ಕೆ ಒಂದು ಲಕ್ಷ ಡಾಲರ್ ಅಂದರೆ ಏನು? ಕಳ್ಳ ಮಾಲು ಮನೆಯಲ್ಲೇ ಇಟ್ಟುಕೊಳ್ಳಪ್ಪ, ಠಾಣೆಗೆ ಬಂದು ಚಿಲ್ಲರೆ ಕಟ್ಟಿಹೋಗು ಅಂದಂತೆ. ಅದು ಶಿಕ್ಷೆಯಲ್ಲ, ಬೆಲೆ. ಟೋಲ್ ಗೇಟಿನಲ್ಲಿ ದುಡ್ಡು ಕೊಟ್ಟು ಮುಂದೆ ಹೋದ ಹಾಗೆ. ನಾನು ಎಷ್ಟೋ ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ: ಅಂಕಕ್ಕಾಗಿ ಮಾಡಿದ ತಪ್ಪಿಗೆ ಅಂಕವನ್ನೇ ಕಿತ್ತುಕೊಳ್ಳಬೇಕು. ಮತ್ತು ಅದು ಆಜ್ಞೆ ಕೊಟ್ಟವರಿಗೆ ತಟ್ಟಬೇಕು, ಆಜ್ಞೆ ಪಾಲಿಸಿದವನಿಗಲ್ಲ.

ಇದು ಹೊಸದೂ ಅಲ್ಲ. 2002ರ ಆಸ್ಟ್ರಿಯಾ ರೇಸ್ ನಿಮಗೆ ನೆನಪಿರಬೇಕು. ಅದೇ ಫೆರಾರಿ. ಪೋಲ್‌ನಿಂದ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಿಂದ, ಹೊರಟ ಬ್ಯಾರಿಚೆಲೊ ಹೆಚ್ಚುಕಡಿಮೆ ಇಡೀ ರೇಸ್ ಮುಂದಿದ್ದ. ಗೆರೆ ಇನ್ನು ಕೆಲವೇ ಮೀಟರ್ ಇರುವಾಗ ಕಾಲು ಎತ್ತಿದ. ಅದೇ ತಂಡದ ಶೂಮಾಕರ್ ಗೆದ್ದದ್ದು 0.182 ಸೆಕೆಂಡಿನ ಅಂತರದಲ್ಲಿ. ಅದು ಸೀಸನ್ನಿನ ಆರನೇ ರೇಸು ಕಣ್ರೀ, ಮೊದಲ ಐದರಲ್ಲಿ ನಾಲ್ಕನ್ನು ಶೂಮಾಕರ್ ಆಗಲೇ ಗೆದ್ದಿದ್ದ. ಜನ ಕೂಗಿ ಬೈದರು. ಶೂಮಾಕರ್‌ಗೂ ಮುಜುಗರವಾಗಿ, ಬ್ಯಾರಿಚೆಲೊನನ್ನು ಪೋಡಿಯಂನ, ಅಂದರೆ ಬಹುಮಾನದ ಕಟ್ಟೆಯ, ಮೇಲಿನ ಮೆಟ್ಟಿಲಿಗೆ ತಳ್ಳಿ ಟ್ರೋಫಿ ಅವನ ಕೈಗೆ ಕೊಟ್ಟ. ಆಗ ಟೀಮ್ ಆರ್ಡರ್ ತಡೆಯುವ ನಿಯಮ ಇರಲಿಲ್ಲ. ಹಾಗಾಗಿ ಹತ್ತು ಲಕ್ಷ ಡಾಲರ್ ದಂಡ ಬಿದ್ದದ್ದು ಯಾವುದಕ್ಕೆ ಗೊತ್ತಾ? ಪೋಡಿಯಂ ಶಿಷ್ಟಾಚಾರ ಮುರಿದದ್ದಕ್ಕೆ. ಅದರಲ್ಲೂ ಅರ್ಧ ಅಮಾನತಿನಲ್ಲಿ. ಅಂದರೆ ಗೆಲುವು ಕಿತ್ತುಕೊಂಡದ್ದಕ್ಕೆ ಏನೂ ಇಲ್ಲ, ಕಿತ್ತುಕೊಂಡೆವಲ್ಲ ಅಂತ ನಾಚಿಕೆಪಟ್ಟು ವಾಪಸ್ ಕೊಡಲು ಹೋದದ್ದಕ್ಕೆ ದಂಡ. ಅವತ್ತು ಆ ತಂಡದ ಮುಖ್ಯಸ್ಥರಾಗಿದ್ದ ಜಾನ್ ಟಾಡ್ 2010ರ ಹೊತ್ತಿಗೆ ದಂಡ ಹಾಕುವ ಸಂಸ್ಥೆಗೇ ಅಧ್ಯಕ್ಷರಾಗಿದ್ದರು. ಆ ವಿಚಾರಣೆಯಿಂದ ಅವರು ದೂರ ನಿಂತರು, ಅದನ್ನು ಹೇಳಲೇಬೇಕು. ಅಂದಹಾಗೆ ಹಂಗೆರಿಯಲ್ಲಿ ಮಾಸಾ ತಲೆಗೆ ಬಡಿದ ಆ ಸ್ಪ್ರಿಂಗ್ ಕಳಚಿಬಿದ್ದದ್ದು ಇದೇ ಬ್ಯಾರಿಚೆಲೊ ಕಾರಿನಿಂದ. ಇಬ್ಬರೂ ಬ್ರೆಜಿಲ್‌ನವರು, ಇಬ್ಬರೂ ಫೆರಾರಿಯಲ್ಲಿ ಇನ್ನೊಬ್ಬನಿಗೆ ದಾರಿ ಬಿಟ್ಟವರು.

ಬಿಟ್ಟುಕೊಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1956ರಲ್ಲಿ ಇಟಲಿಯ ಮಾಂಜಾದಲ್ಲಿ ಫೆರಾರಿಯ ಫ್ಯಾಂಜಿಯೊ ಕಾರು ಕೆಟ್ಟಿತು. ಆ ಕಾಲದಲ್ಲಿ ಒಬ್ಬರ ಕಾರನ್ನು ಇನ್ನೊಬ್ಬರು ಓಡಿಸಬಹುದಿತ್ತು. ಪಿಟ್‌ಗೆ, ಅಂದರೆ ರೇಸಿನ ನಡುವೆ ಕಾರು ನಿಲ್ಲಿಸುವ ಜಾಗಕ್ಕೆ, ಬಂದ ಅದೇ ತಂಡದ ಮುಸೊನನ್ನು ಇಳಿ ಅಂದರು, ಅವನು ಇಳಿಯಲಿಲ್ಲ. ಆಮೇಲೆ ಪೀಟರ್ ಕಾಲಿನ್ಸ್ ಬಂದ. ಅವನಿಗೇ ಆಗ ಚಾಂಪಿಯನ್ ಆಗುವ ಅವಕಾಶ ಇನ್ನೂ ಇತ್ತು. ಆದರೂ ಸ್ಟೀರಿಂಗ್ ಬಿಟ್ಟು ಇಳಿದು, ಕಾರನ್ನು ಫ್ಯಾಂಜಿಯೊಗೆ ಕೊಟ್ಟ. ಫ್ಯಾಂಜಿಯೊ ನಾಲ್ಕನೇ ಸಲ ವಿಶ್ವ ಚಾಂಪಿಯನ್ ಆದ. ಕಾಲಿನ್ಸ್ 1958ರಲ್ಲಿ ಜರ್ಮನಿಯ ರೇಸಿನಲ್ಲಿ ತೀರಿಕೊಂಡ, ಚಾಂಪಿಯನ್ ಆಗಲೇ ಇಲ್ಲ. ಆ ಕಥೆ ಓದಿದಾಗೆಲ್ಲ ನನಗೆ ಕಣ್ಣು ತುಂಬುತ್ತದೆ. ಯಾಕೆಂದರೆ ಕೊಟ್ಟವನು ಅವನು. ಕೊಡು ಅಂತ ಕಿವಿಯಲ್ಲಿ ಯಾರೋ ಒಗಟು ಹೇಳಿದ್ದಕ್ಕಲ್ಲ. ಇಳಿಯದ ಮುಸೊನ ಮೇಲೂ ನನಗೆ ಸಿಟ್ಟಿಲ್ಲ. ಇಲ್ಲ ಅನ್ನುವ ಹಕ್ಕು ಇದ್ದಾಗ ಮಾತ್ರ ಹೂಂ ಅನ್ನುವುದಕ್ಕೆ ಬೆಲೆ.

ಮಾಸಾ ದಾರಿ ಬಿಡಬಾರದಿತ್ತು ಅಂತ ಬರೆದಿದ್ದೀರಿ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕು. ದಾವಣಗೆರೆಯಲ್ಲಿ ಕೂತು ನೀವು, ಬೆಂಗಳೂರಿನಲ್ಲಿ ಕೂತು ನಾನು, ಅಷ್ಟು ಸುಲಭವಾಗಿ ಹೇಳಬಾರದು. ಇಲ್ಲ ಅಂದವರಿಗೆ ಏನಾಗುತ್ತದೆ ಅನ್ನುವುದು ಕೆಲಸ ಮಾಡಿದವರಿಗೆಲ್ಲ ಗೊತ್ತು.

ನನ್ನದೇ ಒಂದು ಮಾತು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಂದು ತೋಟಕ್ಕೆ ತೋಟವೇ ಹೋಗಿತ್ತು. ಮೂರು ದಿನ ಮಳೆಯಲ್ಲಿ ತೋಟ ಸುತ್ತಿ, ಉಂಬಳ ಕಚ್ಚಿಸಿಕೊಂಡು, ಒಬ್ಬರ ಮನೆ ಜಗಲಿಯಲ್ಲಿ ಮಲಗಿ ಬರೆದ ವರದಿ. ಅಚ್ಚಿಗೆ ಹೋಗುವ ಸಂಜೆ ಸಬ್ ಎಡಿಟರ್ ಒಬ್ಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಟೀ ಲೋಟ. ನನ್ನ ಮುಖ ನೋಡಲಿಲ್ಲ, ಲೋಟವನ್ನೇ ನೋಡುತ್ತಾ ಹೇಳಿದರು: "ಈ ಸಲ ಅದು ಸಾಹೇಬರ ಹೆಸರಲ್ಲಿ ಹೋಗ್ಲಿ ಅಂತ ಮೇಲಿಂದ ಹೇಳಿದಾರೆ. ನಿಂಗೆ ಮುಂದೆ ಬೇಕಾದಷ್ಟು ಅವಕಾಶ ಇದೆ. ಬೇಜಾರು ಮಾಡ್ಕೋಬೇಡಪ್ಪ." ನಾನು ಆಯ್ತು ಸಾರ್ ಅಂದೆ. ಮನೆ ಬಾಡಿಗೆ ಕಟ್ಟಬೇಕಿತ್ತು. ವಾರದ ಮೇಲೆ ಅಪ್ಪ ಊರಿಂದ ಪೋಸ್ಟ್ ಆಫೀಸಿಗೆ ಬಂದು ಫೋನ್ ಮಾಡಿ, "ಅದು ನೀನು ಬರೆದದ್ದಲ್ವಾ? ಜಗಲಿ ವಿಷಯ ನೀನು ಕಾಗದದಲ್ಲಿ ಬರೆದಿದ್ದೆ" ಅಂದರು. ಅಲ್ಲಪ್ಪ ಅಂದುಬಿಟ್ಟೆ. ವರದಿ ಹೋದದ್ದಕ್ಕಿಂತ ಆ ಸುಳ್ಳು ಜಾಸ್ತಿ ಸುಟ್ಟಿತು. ಹೆಸರು ಬಿಟ್ಟುಕೊಟ್ಟವನಿಗೆ ನಷ್ಟದ ಜೊತೆ ಅವಮಾನವೂ ಸೇರುತ್ತದೆ. ಜನ ಕೇಳುವುದು ಅವನನ್ನೇ: ಯಾಕೆ ಬಿಟ್ಟೆ?

ನಿಮ್ಮ ಪತ್ರವೂ ಅದನ್ನೇ ಕೇಳಿತು. ಅದಕ್ಕೇ ನನಗೆ ನೋವಾದದ್ದು.

ಕ್ರಿಕೆಟ್ಟಿನಲ್ಲಿ 1981ರ ಆ ಅಂಡರ್‌ಆರ್ಮ್ ಬಾಲ್ ನೋಡಿ. ಮೆಲ್ಬರ್ನ್‌ನಲ್ಲಿ ಕೊನೆಯ ಎಸೆತಕ್ಕೆ ನ್ಯೂಜಿಲೆಂಡ್‌ಗೆ ಪಂದ್ಯ ಸಮ ಮಾಡಲು ಸಿಕ್ಸರ್ ಬೇಕು. ನೆಲದ ಮೇಲೆ ಉರುಳಿಸು ಅಂದದ್ದು ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್. ಉರುಳಿಸಿದ್ದು ತಮ್ಮ ಟ್ರೆವರ್. ಟ್ರೆವರ್ ಅಂದರೆ ಇವತ್ತಿಗೂ ಜನಕ್ಕೆ ಆ ಒಂದು ಬಾಲ್ ಬಿಟ್ಟರೆ ಬೇರೇನೂ ನೆನಪಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ತಗೊಳ್ಳಿ. ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಪಂದ್ಯ ಗೆದ್ದೂ ಅಂಕಗಳ ಅಂತರದ ಲೆಕ್ಕದಲ್ಲಿ ಹೊರಬಿದ್ದರು. ಗುಂಪಿನ ಇನ್ನೊಂದು ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಅದನ್ನು ತಳ್ಳಿಹಾಕಿದರು. ಅದೇ ಕೂಟದಲ್ಲಿ ಬೇರೆ ಗುಂಪುಗಳಲ್ಲಿ ಬೇಕಂತಲೇ ಸೋಲಲು ಆಡಿದ ಎಂಟು ಆಟಗಾರ್ತಿಯರನ್ನು ಹೊರಹಾಕಿದರು. ಅವರು ಮಾಡಿದ್ದು ತಪ್ಪೇ. ಆದರೆ ಸೋತರೆ ಲಾಭ ಆಗುವ ಹಾಗೆ ಪಂದ್ಯಗಳ ಪಟ್ಟಿ ಮಾಡಿದವರನ್ನು ಯಾರು ಹೊರಹಾಕಿದರು?

ನ್ಯಾಯಕ್ಕೆ ಸ್ವಲ್ಪ ಹತ್ತಿರ ಬಂದ ಶಿಕ್ಷೆ ಒಂದೇ ಒಂದು ನೋಡಿದ್ದೇನೆ. 2008ರ ಸಿಂಗಾಪುರ. ರೆನೋ ತಂಡದ ಪಿಕೆ ಜೂನಿಯರ್ ಬೇಕಂತಲೇ ಗೋಡೆಗೆ ಕಾರು ಗುದ್ದಿದ, ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬಂತು, ಅದರ ಲಾಭದಿಂದ, 15ನೇ ಜಾಗದಿಂದ ಹೊರಟಿದ್ದ ಅದೇ ತಂಡದ ಅಲೊನ್ಸೊ ಗೆದ್ದ. ಮುಂದಿದ್ದ ಮಾಸಾ ಅದೇ ಗಡಿಬಿಡಿಯಲ್ಲಿ ಪೆಟ್ರೋಲ್ ಪೈಪನ್ನೇ ಎಳೆದುಕೊಂಡು ಹೊರಟು 13ನೆಯವನಾದ. ಆ ವರ್ಷ ವಿಶ್ವ ಚಾಂಪಿಯನ್ ಪಟ್ಟ ಅವನ ಕೈತಪ್ಪಿದ್ದು ಒಂದೇ ಅಂಕದಲ್ಲಿ, 97ಕ್ಕೆ 98. ಮರುವರ್ಷ ನಿಜ ಹೊರಬಂದಾಗ, ಬಾಯಿಬಿಟ್ಟ ಹುಡುಗನನ್ನು ಬಿಟ್ಟು ಮೇಲಿನವರನ್ನು ಹಿಡಿದರು. ತಂಡದ ಮುಖ್ಯಸ್ಥ ಬ್ರಿಯಾಟೊರೆಗೆ ಅನಿರ್ದಿಷ್ಟ ನಿಷೇಧ, ಮುಖ್ಯ ಎಂಜಿನಿಯರ್ ಸೈಮಂಡ್ಸ್‌ಗೆ ಐದು ವರ್ಷ. ನನಗೆ ಅವತ್ತು ಸಮಾಧಾನವಾಗಿತ್ತು. ನಾಲ್ಕು ತಿಂಗಳೊಳಗೆ, 2010ರ ಜನವರಿಯಲ್ಲಿ, ಫ್ರಾನ್ಸಿನ ಕೋರ್ಟ್ ಆ ನಿಷೇಧಗಳನ್ನು ರದ್ದು ಮಾಡಿತು. 2024ರಲ್ಲಿ ಬ್ರಿಯಾಟೊರೆ ಅದೇ ತಂಡಕ್ಕೆ, ಈಗ ಅದರ ಹೆಸರು ಆಲ್ಪೀನ್, ಸಲಹೆಗಾರರಾಗಿ ವಾಪಸ್ ಬಂದರು. ಪಿಕೆ ಜೂನಿಯರ್ ಮತ್ತೆಂದೂ ಫಾರ್ಮುಲಾ ಒನ್ ರೇಸ್ ಓಡಿಸಲಿಲ್ಲ. ಅಲೊನ್ಸೊ ಗೆಲುವು ದಾಖಲೆಯಲ್ಲಿ ಹಾಗೇ ಇದೆ. ಆ ರೇಸಿನ ವಿಷಯಕ್ಕೇ ಮಾಸಾ ಲಂಡನ್ ಕೋರ್ಟಿನ ಮೆಟ್ಟಿಲು ಹತ್ತಿದ್ದಾನೆ.

ಇದು ಬರೀ ರೇಸಿನ ಕಥೆಯೇ? ಎಲ್ಲ ಆಫೀಸಿನಲ್ಲೂ ಹೀಗೇ. ಫೈಲಿಗೆ ಸಹಿ ಹಾಕಿದ ಗುಮಾಸ್ತ ಸಸ್ಪೆಂಡ್ ಆಗುತ್ತಾನೆ, ಹಾಕು ಅಂತ ಫೋನ್ ಮಾಡಿದವರ ಹೆಸರು ಎಲ್ಲೂ ಬರುವುದಿಲ್ಲ. ಬಾಯಿಮಾತಿನ ಆಜ್ಞೆಗೆ ಕಾಗದ ಇರುವುದಿಲ್ಲವಲ್ಲ. ಆ ಲೆಕ್ಕದಲ್ಲಿ ರೇಸೇ ವಾಸಿ. ರೇಡಿಯೊ ಇದೆ, ಇಡೀ ಲೋಕ ಕೇಳುತ್ತದೆ.

ನಿಷೇಧ ಇಟ್ಟರೆ ಗುಟ್ಟಿನ ಭಾಷೆ ಹುಟ್ಟುತ್ತದೆ ಅಂತ ನೀವು ಅನ್ನಬಹುದು, ಅದೂ ಸರಿ ಇರಬಹುದು. ಈಗ ನಿಷೇಧವೂ ಇಲ್ಲ. ಆದರೆ ಇದು ಸಣ್ಣ ವಿಷಯ ಅಂತ ಮಾತ್ರ ಅನ್ನಬೇಡಿ. 2025ರಲ್ಲಿ ಮಾಂಜಾದಲ್ಲಿ ನಾರಿಸ್‌ನ ಪಿಟ್ ಸ್ಟಾಪ್ ತಡವಾಯ್ತು. ಅದರಿಂದ ಮುಂದೆ ಹೋಗಿದ್ದ ಜೊತೆಯ ಡ್ರೈವರ್ ಪಿಯಾಸ್ಟ್ರಿಗೆ, ಜಾಗ ವಾಪಸ್ ಕೊಡು ಅಂತ ಅವರ ತಂಡ ಮೆಕ್‌ಲಾರೆನ್ ಅಂದಿತು, ಅವನು ಕೊಟ್ಟ. ಎರಡನೇ ಜಾಗಕ್ಕೆ 18, ಮೂರನೆಯದಕ್ಕೆ 15, ಮೂರು ಅಂಕದ ವ್ಯತ್ಯಾಸ. ವರ್ಷದ ಕೊನೆಯಲ್ಲಿ ನಾರಿಸ್ ವರ್ಸ್ಟಾಪನ್‌ಗಿಂತ ಎರಡೇ ಅಂಕ ಮುಂದಿದ್ದು ಚಾಂಪಿಯನ್ ಆದ. ಕೂಡಿ ಕಳೆದು ನೀವೇ ನೋಡಿ.

ಮಾಸಾ ಕಡೆಗೆ ಮತ್ತೆ ಬರುತ್ತೇನೆ. 2008ರ ಬ್ರೆಜಿಲ್ ರೇಸೇ ಅವನ ಕೊನೆಯ ಗೆಲುವು, ಒಟ್ಟು 11. ಹಾಕನ್‌ಹೈಮ್ ಹನ್ನೆರಡನೆಯದು ಆಗಬೇಕಿತ್ತು. 2017ರವರೆಗೆ ಓಡಿಸಿದ, ಇನ್ನೊಂದು ಗೆಲುವು ಬರಲೇ ಇಲ್ಲ. ಅಲೊನ್ಸೊಗಾದರೂ ಆ ಏಳು ಅಂಕ ದಕ್ಕಿತಾ ಅಂದರೆ, ಅಬುಧಾಬಿಯ ಕೊನೆಯ ರೇಸಿನಲ್ಲಿ ನಾಲ್ಕು ಅಂಕದಿಂದ ಪಟ್ಟ ವೆಟೆಲ್ ಪಾಲಾಯ್ತು. ಮುಖ ಸಣ್ಣದು ಮಾಡಿಕೊಂಡು ನಿಂತದ್ದು ಯಾಕೆ ಅಂತ ಕೇಳಿದ್ದಿರಲ್ಲ, ನಾನಾಗಿದ್ದರೆ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ.

ಮರುಪತ್ರ ಬರೆಯಿರಿ, ಖಂಡಿತ ಹಾಕುತ್ತೇನೆ. ಅದಕ್ಕೆ ಮೊದಲು ಆ 49ನೇ ಲ್ಯಾಪಿನ ರೇಡಿಯೊ ಒಮ್ಮೆ ಪೂರ್ತಿ ಕೇಳಿ. ಅಲೊನ್ಸೊ ಮುಂದೆ ಹೋದ ಮೇಲೆ ಸ್ಮೆಡ್ಲಿ ದನಿ ಮತ್ತೆ ಬರುತ್ತದೆ. ಒಳ್ಳೆ ಹುಡುಗ, ಹೀಗೇ ಹಿಡಿದುಕೊಂಡು ಹೋಗು ಅಂತಾನೆ. ಆಮೇಲೆ, ಸಾರಿ ಅಂತಾನೆ. ನನಗೆ ಅವತ್ತು ನೆನಪಾದದ್ದು ಆ ಟೀ ಲೋಟ.