ಮಾಡು ಮೊದಲು, ಮಾರ್ಬಲ್ಲು ಆಮೇಲೆ

ಕುಮಟಾ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರ ದೊಡ್ಡದು, ಮುಖ್ಯ ಭಾಗ ಇಷ್ಟು:

“ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಹಂಚಿನ ಕೆಳಗಿನ ಪಕಾಸಿನ ಮರಕ್ಕೆ ಒರಲೆ (ಗೆದ್ದಲು) ಹಿಡಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಹಿಂಭಾಗ ಬಿಚ್ಚಿಸಿದೆವು. ಅಡುಗೆಮನೆ, ಬಚ್ಚಲು, ಒಂದು ಕೋಣೆ ಎಲ್ಲ ಹೋಯಿತು. ಅಂಗಳದ ಮೂಲೆಯಲ್ಲಿ ತಗಡು ಕಟ್ಟಿ ಮಾಡಿಕೊಂಡ ಬಚ್ಚಲಿನಲ್ಲಿ ಅತ್ತೆ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಮಣಿಪಾಲದಲ್ಲಿ ಆಪರೇಶನ್ ಆಗಿದೆ, ಇವರು ಅಲ್ಲೇ ಇದ್ದಾರೆ. ಮಾವನಿಗೆ ಮೊದಲೇ ದಮ್ಮು, ಈಗ ಧೂಳಿಗೆ ರಾತ್ರಿಯೆಲ್ಲ ಕೆಮ್ಮು. ಬೆಳಗಾದರೆ ಗೌಂಡಿ ‘ಅಕ್ಕಾ, ಮುಂದೇನು’ ಎಂದು ಕೇಳುತ್ತಾನೆ. ಮನೆಗೆ ಕೈ ಹಾಕಿದ್ದಕ್ಕೇ ಹೀಗಾಯಿತು, ವಾಸ್ತು ನೋಡಿಸಬೇಕಿತ್ತು ಎನ್ನುತ್ತಾರೆ ನೆಂಟರು. ಅತ್ತೆಯನ್ನು ಆಪರೇಶನ್‌ಗೆ ಒಳಗೆ ಕರೆದೊಯ್ದ ಹೊತ್ತಿಗೇ ಟೈಲ್ಸ್ ಅಂಗಡಿಯವರ ಫೋನು ಬಂತು. ‘ತಿಳಿ ಬೂದಿ ಬಣ್ಣ’ ಎಂದು ಹೇಳಿಬಿಟ್ಟೆ. ನೆನಪಾದರೆ ನಾಚಿಕೆಯಾಗುತ್ತದೆ. ಕೆಲಸ ನಿಲ್ಲಿಸಲೋ, ಮುಗಿಸಲೋ? ಹಲಸಿನ ಹಳೆ ಬಾಗಿಲುಗಳನ್ನು ಕೇಳಿಕೊಂಡು ಒಬ್ಬರು ಬರುತ್ತಿದ್ದಾರೆ, ಕೊಟ್ಟುಬಿಡಲೋ?”

ಸೋದರಿ,

ನಿಲ್ಲಿಸಲೂ ಬೇಡಿ, ಮುಗಿಸಲೂ ಹೋಗಬೇಡಿ. ಮಾಡು, ಅಂದರೆ ಚಾವಣಿ, ಮುಚ್ಚಿಸಿ, ಬಚ್ಚಲು ಮಾಡಿಸಿ. ಅಲ್ಲಿಗೆ ಗೌಂಡಿಯ ಲೆಕ್ಕ ಚುಕ್ತಾ ಮಾಡಿ ದೀಪಾವಳಿ ಕಳೆದು ಬಾ ಎಂದು ಕಳಿಸಿ. ಅಡುಗೆಮನೆಯ ಕಪಾಟು, ಪಡಸಾಲೆಯ ಮಾರ್ಬಲ್ಲು, ಬಣ್ಣ ಇವುಗಳ ಹೆಸರನ್ನು ಅಲ್ಲಿಯ ತನಕ ಯಾರೂ ಎತ್ತಕೂಡದು.

ಬಯಲುಸೀಮೆಯಾಗಿದ್ದರೆ ನಿಲ್ಲಿಸಿ ಎಂದೇ ಬರೆಯುತ್ತಿದ್ದೆ. ಅಲ್ಲಿ ಅರ್ಧ ಕಟ್ಟಿದ ಗೋಡೆ ಎರಡು ವರ್ಷ ಹಾಗೇ ನಿಂತೀತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಅಜ್ಜನ ಕಾಲದ ಮನೆ ಎಂದಿದ್ದೀರಿ, ಹಾಗಿದ್ದರೆ ಚಿರೆಕಲ್ಲನ್ನು ಮಣ್ಣಿನಲ್ಲೇ ಕಟ್ಟಿರುವ ಸಂಭವ ಹೆಚ್ಚು. ತಲೆ ಬಿಚ್ಚಿದ ಅಂಥ ಗೋಡೆ ಆಷಾಢದ ಮಳೆಗೆ ಸಿಕ್ಕರೆ ಸಂದಿಯ ಮಣ್ಣು ತೊಳೆದುಹೋಗುತ್ತದೆ. ತಾಡಪತ್ರಿ ಹೊದೆಸಿದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಗಾಳಿಗೇ ಅದು ಪಕ್ಕದ ತೋಟದಲ್ಲಿರುತ್ತದೆ.

ಹಾಗಾಗಿ ಆಚಾರಿಯನ್ನು ಇವತ್ತೇ ಹಿಡಿಯಿರಿ. ಏಪ್ರಿಲ್, ಮೇ ಬಂತೆಂದರೆ ಜಿಲ್ಲೆಯಲ್ಲಿ ಎಲ್ಲರಿಗೂ ಹಂಚು ಕೈಯಾಡಿಸುವ ಗಡಿಬಿಡಿ, ಮೇಲೆ ಮದುವೆ, ಉಪನಯನ. ಆಗ ಕೆಲಸದವರು ಫೋನೂ ಎತ್ತುವುದಿಲ್ಲ. ಮರ ಕೊಯ್ಸಿ, ಒಣಗಿಸಿ, ಪಕಾಸು ಹೊಡೆಸುವಷ್ಟು ಪುರಸೊತ್ತು ಇಲ್ಲದಿದ್ದರೆ ಹಿಂಭಾಗಕ್ಕೆ ಮಾತ್ರ ಕಬ್ಬಿಣದ ಪೈಪು ಕೂಡಿಸಿ ಅದರ ಮೇಲೆ ನಿಮ್ಮದೇ ಹಳೆ ಹಂಚು ಹೊದೆಸಿ. ನನಗೂ ಮರದ ಮಾಡೇ ಇಷ್ಟ. ಆದರೆ ಈ ವರ್ಷದ ಮಟ್ಟಿಗೆ ವೆಲ್ಡಿಂಗಿನವನೇ ವಾಸಿ. ಒರಲೆಯ ಕಾಟವೂ ಇಲ್ಲ.

ಬಚ್ಚಲಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಉದ್ದ ಬರೆಯಬೇಕು. ಹೊಸ ಬಚ್ಚಲಿನ ನಕ್ಷೆ ಮಾಡಿಸಿದ್ದು ಅತ್ತೆ ಬೀಳುವ ಮೊದಲು. ಈಗ ಆ ನಕ್ಷೆ ಉಪಯೋಗವಿಲ್ಲ. ಅತ್ತೆ ಮನೆಗೆ ಬರುವುದು ವಾಕರ್ ಹಿಡಿದುಕೊಂಡು. ಮಲಗುವ ಮಂಚದಿಂದ ಬಚ್ಚಲಿನವರೆಗೆ ಒಂದೇ ಒಂದು ಮೆಟ್ಟಿಲೂ ಇರದ ದಾರಿ ಬೇಕು. ನಮ್ಮ ಹಳೆ ಮನೆಗಳಲ್ಲಿ ಬಚ್ಚಲು ಯಾವಾಗಲೂ ಒಂದು ಗೇಣು ತಗ್ಗಿನಲ್ಲಿ, ಬಾಗಿಲು ಇಬ್ಬರು ಒಟ್ಟಿಗೆ ದಾಟಲಾರದಷ್ಟು ಕಿರಿದು. ಹೊಸದಕ್ಕೆ 3 ಅಡಿಯ ಬಾಗಿಲು ಇಡಿಸಿ, ಅದು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಕ್ಕೆ ತಳ್ಳುವ ಬಾಗಿಲನ್ನು ತೆರೆಯುವುದು ಕಷ್ಟ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದಿರಲಿ. ಕಮೋಡ್ ಕೂರುವ ಎತ್ತರ 17ರಿಂದ 19 ಇಂಚು ಇರಲಿ. ಸೊಂಟದ ಕೀಲಿನ ಚೆಂಡು ಬದಲಿಸಿದ್ದಾರೋ, ಮುರಿದ ಎಲುಬಿಗೆ ರಾಡು ಹಾಕಿದ್ದಾರೋ ನೀವು ಬರೆದಿಲ್ಲ. ಚೆಂಡು ಬದಲಿಸಿದ್ದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಸಾಮಾನ್ಯವಾಗಿ ಕೆಲವು ವಾರ ಕಟ್ಟುನಿಟ್ಟು ಮಾಡುತ್ತಾರೆ. ಮಣೆ ಹಾಕಿ ಊಟಕ್ಕೆ ಕೂರುವುದೂ ಆಗ ಬಂದ್. ಎಷ್ಟು ದಿನ ಎಂಬುದನ್ನು ಡಿಸ್ಚಾರ್ಜ್ ದಿನವೇ ಡಾಕ್ಟರರ ಬಾಯಿಂದ ಕೇಳಿ ಬರೆದುಕೊಳ್ಳಲು ಯಜಮಾನರಿಗೆ ಹೇಳಿ. ಎಲುಬು ಸವೆದಿದೆಯೇ, ಅದಕ್ಕೆ ಔಷಧಿ ಬೇಕೇ ಎಂದೂ ಕೇಳಲಿ. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಭಯ ಹೆಚ್ಚು. ಆಪರೇಶನ್ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ಮನೆಯವರು ಈ ಮಾತನ್ನೇ ಮರೆಯುತ್ತಾರೆ.

ಹಿಡಿದುಕೊಳ್ಳುವ ಸರಳು ಬೇಕೇ ಬೇಕು, ಕಮೋಡಿನ ಪಕ್ಕ ಒಂದು, ಮೀಯುವ ಜಾಗದಲ್ಲಿ ಒಂದು. ಇಲ್ಲೊಂದು ಸೂಕ್ಷ್ಮ ಇದೆ. ಚಿರೆಕಲ್ಲು ಮೆತ್ತಗೆ, ತೂತು ತೂತು. ಅದಕ್ಕೆ ತಿರುಪು ಹೊಡೆದು ಸರಳು ಕೂರಿಸಿದರೆ ನೋಡಲು ಗಟ್ಟಿ ಕಾಣುತ್ತದೆ, ಮೈಭಾರ ಬಿದ್ದ ದಿನ ಪುಡಿಯ ಸಮೇತ ಕಿತ್ತು ಕೈಗೆ ಬರುತ್ತದೆ. ಗಿಲಾಯ (ಗೋಡೆಗೆ ಸಿಮೆಂಟಿನ ಗಾರೆ) ಮಾಡುವ ಮುಂಚೆಯೇ ಸರಳು ಬರುವ ಕಡೆ ಕಲ್ಲು ಕೆತ್ತಿ ಕಾಂಕ್ರೀಟ್ ತುಂಬಿಸಿಡಬೇಕು. ಗೌಂಡಿಗೆ ಅರ್ಧ ದಿನದ ಕೆಲಸ. ಟೈಲ್ಸ್ ಹಚ್ಚಿದ ಮೇಲೆ ನೆನಪಾದರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಇನ್ನು ಆ ಫೋನು. ನೀವು ತಿಳಿ ಬೂದಿ ಹೇಳಿದ್ದು ಒಳ್ಳೆಯದೇ ಆಯಿತು. ನೆಲವೂ ಬಿಳಿ, ಕಮೋಡೂ ಬಿಳಿ ಆಗಿದ್ದರೆ ಕಣ್ಣು ಮಂಜಾದವರಿಗೆ ಎಲ್ಲಿ ಕೂರಬೇಕೆಂದೇ ಗೊತ್ತಾಗುವುದಿಲ್ಲ. ಒಂದೇ ಒಂದು ತಿದ್ದುಪಡಿ: ಮಿರಮಿರ ಮಿಂಚುವ ದೊಡ್ಡ ಟೈಲ್ಸ್ ಆಗಿದ್ದರೆ ನೆಲಕ್ಕೆ ಹಾಕಿಸದೆ ಗೋಡೆಗೆ ಹಾಕಿಸಿ. ನೆಲಕ್ಕೆ ಅದೇ ಬಣ್ಣದ ತರಿತರಿಯಾದ ಸಣ್ಣ ಟೈಲ್ಸ್ ಕೇಳಿ, ಸಂದಿ ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ. ಆಪರೇಶನ್ ಕೋಣೆಯ ಹೊರಗೆ ನಿಂತವರಿಗೆ ಒಳಗಿನದರ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಉತ್ತರ ಗೊತ್ತಿದ್ದ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿರಿ. ನಾಚಿಕೆ ಪಡುವಂಥದ್ದು ಅದರಲ್ಲಿ ನನಗೇನೂ ಕಾಣಲಿಲ್ಲ.

ಮಾವನವರನ್ನು ಗಿಲಾಯ, ಟೈಲ್ಸ್ ನಡೆಯುವಷ್ಟು ದಿನ ಬೇರೆ ಮನೆಯಲ್ಲಿ ಇಡಲು ಸಾಧ್ಯವೇ ನೋಡಿ. ಮಗಳ ಮನೆ, ದಾಯಾದಿಗಳ ಮನೆ, ಯಾವುದಾದರೂ ಆದೀತು. ‘ನಾ ಎಲ್ಲೂ ಬರುವುದಿಲ್ಲ, ದೇವರಿಗೆ ನೀರು ಹಾಕುವವರು ಯಾರು’ ಎಂದು ಅವರು ಹೇಳಿಯೇ ಹೇಳುತ್ತಾರೆ. ಹೋಗದಿದ್ದರೆ ಮುಂದಿನ ಕೋಣೆಗೂ ಕೆಲಸದ ಜಾಗಕ್ಕೂ ನಡುವಿನ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪು ಹಚ್ಚಿ ಬಿಗಿಯಿರಿ. ಟೈಲ್ಸ್, ಗ್ರಾನೈಟನ್ನು ನೀರು ಬಿಟ್ಟುಕೊಂಡೇ ಕೊಯ್ಯಲಿ, ಅದೂ ಹಿತ್ತಿಲಿನಲ್ಲಿ. ಒಣಗಿದ್ದನ್ನು ಕೊಯ್ದಾಗ ಏಳುವ ಸಣ್ಣ ಧೂಳು ಶ್ವಾಸಕೋಶದ ಆಳಕ್ಕಿಳಿಯುತ್ತದೆ, ಕೊಯ್ಯುವವನಿಗೂ ಅದು ವಿಷವೇ. ಸಂಜೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಒರಲೆಗೆ ಔಷಧಿ ಹೊಡೆಸುವುದಿದ್ದರೆ ಇಬ್ಬರೂ ಹಿರಿಯರು ಮನೆಯಲ್ಲಿಲ್ಲದ ದಿನ ನೋಡಿ. ಬಣ್ಣವಂತೂ ಹೇಗೂ ಮಳೆಗಾಲ ಕಳೆಯುವ ತನಕ ಬೇಡ. ಹಸಿ ಗಿಲಾಯದ ಮೇಲೆ ಬಳಿದ ಬಣ್ಣ ಶ್ರಾವಣದೊಳಗೆ ಏಳುತ್ತದೆ.

ಬಚ್ಚಲಿನ ಮೇಲೆ ಸ್ಲ್ಯಾಬ್ ಹಾಕಿಸುವುದಾದರೆ ಇನ್ನೊಂದು. ನೀರುಣಿಸುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಮನೆಯವರೆಲ್ಲ ಆಸ್ಪತ್ರೆಗೂ ಮನೆಗೂ ಓಡಾಡುವಾಗ ತಪ್ಪುವುದು ಇದೇ. ಕಡಿಮೆಯೆಂದರೂ 10 ದಿನ ಸ್ಲ್ಯಾಬ್ ಒಣಗಬಾರದು. ಪಕ್ಕದ ಮನೆಯ ಕಾಲೇಜು ಹುಡುಗನಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾನೆ.

ಪತ್ರದ ಕೊನೆಯಲ್ಲಿ ಬೆಂಗಳೂರಿನ ನಾದಿನಿ ದಿನಾ ಫೋನು ಮಾಡಿ ‘ಹೀಗೆ ಮಾಡಬೇಕಿತ್ತು’ ಎನ್ನುತ್ತಾರೆಂದು ಬರೆದಿದ್ದೀರಿ. ಅವರಿಗೆ ಕೆಲಸ ಕೊಡಿ. ಆಸ್ಪತ್ರೆಯ ಬಿಲ್ಲು, ವಿಮೆಯ ಕಾಗದ, ಟೈಲ್ಸ್ ಅಂಗಡಿ, ಬ್ಯಾಂಕು ಎಲ್ಲ ಕೂತಲ್ಲಿಂದ ಫೋನಿನಲ್ಲೇ ಆಗುವಂಥವು. ಗೌಂಡಿಗೂ ಹೇಳಿ: ಲೆಕ್ಕ, ಸಾಮಾನು ಏನಿದ್ದರೂ ಯಜಮಾನರಿಗೆ ಸಂಜೆ ಒಂದು ಫೋನು, ‘ಅಕ್ಕಾ’ ಎಂದು ನಿಮ್ಮ ಬಳಿ ಬರಬಾರದು. ಮಣಿಪಾಲದಲ್ಲಿ ಕೂತವರಿಗೆ ಹಗಲೆಲ್ಲ ಕಾಯುವುದೇ ಕೆಲಸ. ಮನೆಯಲ್ಲಿ ಜಗಲಿಯ ಮೇಲೆ ಗ್ಯಾಸ್ ಇಟ್ಟುಕೊಂಡು ಅಡುಗೆ ಮಾಡಿ, ಮಾವನಿಗೆ ಗುಳಿಗೆ ಕೊಟ್ಟು, ಕೆಲಸದವರಿಗೆ ಚಹಾ ಕಾಸುವವರು ನೀವು. ಗೌಂಡಿಯ ಪ್ರಶ್ನೆಯೂ ನಿಮ್ಮ ತಲೆಗೇ ಏಕೆ?

ಹಣದ ಬಗ್ಗೆ ನೀವು ಬಿಚ್ಚಿ ಬರೆದಿಲ್ಲ, ಆದರೂ ಹೇಳುತ್ತೇನೆ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದು ಈ ಸಾಲಿಗೆ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ, ಅಥವಾ ಆಯುಷ್ಮಾನ್ ಕಾರ್ಡ್ ಇದ್ದರೆ, ಡಿಸ್ಚಾರ್ಜ್ ಆಗುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ತೋರಿಸಬೇಕು. ಎಪಿಎಲ್ ಕಾರ್ಡಿನವರಿಗೂ ಆಯುಷ್ಮಾನ್‌ನಲ್ಲಿ ಪ್ಯಾಕೇಜ್ ದರದ ಶೇ. 30 ಸಿಗಲು ಅವಕಾಶವಿದೆ. ಮನೆ ಸಾಲವನ್ನು ಬ್ಯಾಂಕು ಕಂತಿನಲ್ಲಿ ಕೊಡುತ್ತಿದ್ದರೆ ಮುಂದಿನ ಕಂತು ಈಗ ಬೇಡ, ದೀಪಾವಳಿ ನಂತರ ಸಾಕು ಎಂದು ಬರೆದುಕೊಡಿ. ಎತ್ತಿದ ಹಣಕ್ಕಷ್ಟೇ ಬಡ್ಡಿ. ಕಪಾಟಿನವರಿಗೆ ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಕಾರವಾರದಿಂದ ಭಟ್ಕಳದವರೆಗೆ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ ನಮ್ಮದು. ಸೂಪರ್ ಸ್ಪೆಶಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಕಾರಿನ ಬಾಡಿಗೆ, ಲಾಡ್ಜು, ಹೋಟೆಲ್ ಊಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮಾರ್ಬಲ್ಲಿಗೆ ಇಟ್ಟ ಹಣ ಅದಕ್ಕೆ ಬೇಕಾಗುತ್ತದೆ.

ವಾಸ್ತುವಿನ ಮಾತಿಗೆ ನನ್ನ ಉತ್ತರ ಗಿಡ್ಡ. ಅತ್ತೆ ಬಿದ್ದದ್ದು ತಗಡಿನ ಬಚ್ಚಲಿನಲ್ಲಿ, ಒದ್ದೆ ನೆಲದಲ್ಲಿ, ಹಿಡಿದುಕೊಳ್ಳಲು ಏನೂ ಇಲ್ಲದ ಕಡೆ. ಕೆಲಸ ಶುರು ಮಾಡದಿದ್ದರೆ ಆ ದಿನ ಅಲ್ಲಿ ಬೀಳುತ್ತಿರಲಿಲ್ಲ, ನಿಜ. ಆದರೆ ಆ ತಗ್ಗಿನ ಹಳೆ ಬಚ್ಚಲಿನಲ್ಲೂ ಮಳೆಗಾಲಕ್ಕೆ ಪಾಚಿ ಕಟ್ಟುತ್ತಿರಲಿಲ್ಲವೇ? ನೆಂಟರಿಗೆ ಹೂಂ ಎನ್ನಿ, ಸುಮ್ಮನಿರಿ. ಅತ್ತೆಯೇ ಒಂದು ಶಾಂತಿ ಮಾಡಿಸಿ ಎಂದು ಕೇಳಿದರೆ ಮಾತ್ರ ಮಾಡಿಸಿ, ಭಟ್ಟರನ್ನು ಕರೆಸಿ ಮನೆಮಟ್ಟಿಗೆ. ಅವರ ಮನಸ್ಸಿಗೆ ನೆಮ್ಮದಿಯಾದರೆ ವಾಕರ್ ಹಿಡಿಯುವ ಧೈರ್ಯವೂ ಬಂದೀತು. ಹೋಮದ ಹೊಗೆಯಿಂದ ಮಾವನವರು ದೂರ ಕೂರಲಿ.

ಹಲಸಿನ ಬಾಗಿಲುಗಳನ್ನು ಈಗ ಕೊಡಬೇಡಿ. ಮನೆಯಲ್ಲಿ ಕಾಯಿಲೆ, ಅಂಗಳದಲ್ಲಿ ಸಾಮಾನು ಎಂದು ಕಂಡರೆ ಕೊಳ್ಳುವವರು ಸೌದೆಯ ರೇಟಿಗೆ ಕೇಳುತ್ತಾರೆ. ಮುಂದಿನ ಜಗಲಿಯ ಮಾಡಿನಡಿ ನಾಲ್ಕು ಕಲ್ಲಿಟ್ಟು, ನೆಲಕ್ಕೂ ಗೋಡೆಗೂ ತಾಗದಂತೆ ಪೇರಿಸಿ, ಬುಡದ ಭಾಗಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿಡಿ. ಬಳಿಯುವವರು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಲಿ, ಚರ್ಮ ಸುಡುತ್ತದೆ. ಕೊಡುವುದೋ, ಮತ್ತೆ ಮನೆಗೇ ಕೂರಿಸುವುದೋ ಎಂಬುದನ್ನು ಅತ್ತೆ ಬಂದ ಮೇಲೆ ಅವರನ್ನೇ ಕೇಳಿ. ಆ ಮನುಷ್ಯ ಮತ್ತೆ ಬಂದರೆ ದಸರಾ ಕಳೆದು ಬನ್ನಿ ಎಂದು ಹೇಳಿ ಕಳಿಸಿ.

ಸಂಪಾದಕ