ಕತ್ತರಿಸಿದ್ದು ಕಾಗದದಲ್ಲಿ ಉಳಿಯಿತು

ಪ್ರಶ್ನೆ: ಮೊದಲ ಮಹಾಯುದ್ಧದ ಕಾಲದಲ್ಲಿ ‘ದಿ ಸ್ಪಿರಿಟ್ ಆಫ್ ’76’ ಎಂಬ ಮೂಕಿ ಚಿತ್ರ ತೆಗೆದದ್ದಕ್ಕೆ ಅಮೆರಿಕದ ನಿರ್ಮಾಪಕನೊಬ್ಬ ಜೈಲು ಸೇರಿದನಂತೆ. 1776ರ ಅಮೆರಿಕದ ಸ್ವಾತಂತ್ರ್ಯ ಸಮರದ ಕಥೆಗೆ ಇಂಥ ಶಿಕ್ಷೆ ಏಕೆ?

ಉತ್ತರ: ಆ ಕಥೆಯಲ್ಲಿ ಖಳರು ಬ್ರಿಟಿಷರು. ಅಮೆರಿಕ 1917ರ ಏಪ್ರಿಲ್ 6ರಂದು ಜರ್ಮನಿಯ ಮೇಲೆ ಯುದ್ಧ ಸಾರಿತು, ಬ್ರಿಟನ್ ಮಿತ್ರರಾಷ್ಟ್ರವಾಯಿತು. ರಾಬರ್ಟ್ ಗೋಲ್ಡ್‌ಸ್ಟೈನ್ ತನ್ನ ಚಿತ್ರವನ್ನು ಷಿಕಾಗೋದಲ್ಲಿ ತೆರೆಗೆ ತಂದದ್ದು ಮರುತಿಂಗಳು. ಆ ನಗರದಲ್ಲಿ 1907ರಿಂದಲೇ ಪೊಲೀಸರ ಪರವಾನಗಿಯಿಲ್ಲದೆ ಯಾವ ಚಿತ್ರವನ್ನೂ ತೋರಿಸುವಂತಿರಲಿಲ್ಲ. ಸೆನ್ಸಾರ್ ಹೊಣೆ ಹೊತ್ತಿದ್ದ ಪೊಲೀಸ್ ಅಧಿಕಾರಿ ಫಂಕ್‌ಹೌಸರ್ ಅಡ್ಡಗಾಲು ಹಾಕಿದ. ಕೆಲವು ದೃಶ್ಯಗಳಿಗೆ ಕತ್ತರಿ ಬಿದ್ದ ಮೇಲಷ್ಟೇ ಪ್ರದರ್ಶನ ನಡೆಯಿತು.

ದೊಡ್ಡ ಪೆಟ್ಟು ಬಿದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ನವೆಂಬರ್ ಕೊನೆಯಲ್ಲಿ ಅಧಿಕಾರಿಗಳ ಮುಂದೆ ಓಡಿಸಿದ ಪ್ರಿಂಟ್‌ನಲ್ಲಿ ಇಲ್ಲದ ದೃಶ್ಯಗಳು ಸಾರ್ವಜನಿಕ ಪ್ರದರ್ಶನದಲ್ಲಿ ಕಾಣಿಸಿಕೊಂಡವು: ಬ್ರಿಟಿಷ್ ಸೈನಿಕ ಮಗುವನ್ನು ಬಂದೂಕಿನ ಚೂರಿಗೆ ಚುಚ್ಚುವುದು, ಹೆಂಗಸರನ್ನು ಜುಟ್ಟು ಹಿಡಿದು ಎಳೆದೊಯ್ಯುವುದು. ರೀಲುಗಳು ಜಪ್ತಿಯಾದವು. ಮರಳಿ ಕೊಡಿಸಬೇಕೆಂಬ ಕೋರಿಕೆಯನ್ನು ನ್ಯಾಯಾಧೀಶ ಬ್ಲೆಡ್ಸೋ ತಳ್ಳಿಹಾಕಿದ. ಆ ಪ್ರಕರಣದ ಹೆಸರಿನಲ್ಲಿ ಅಮೆರಿಕ ಸರ್ಕಾರದ ಎದುರು ಪಕ್ಷವಾಗಿ ನಿಂತಿರುವುದು ಮನುಷ್ಯನಲ್ಲ, ಚಿತ್ರವೇ. ಮುಂದೆ 1917ರ ಬೇಹುಗಾರಿಕೆ ಕಾಯ್ದೆಯಡಿ ಗೋಲ್ಡ್‌ಸ್ಟೈನ್‌ಗೆ 10 ವರ್ಷ ಸೆರೆ, 5,000 ಡಾಲರ್ ದಂಡ. ಅಧ್ಯಕ್ಷ ವಿಲ್ಸನ್ ಸೆರೆಯನ್ನು 3 ವರ್ಷಕ್ಕಿಳಿಸಿದರು. ಕತ್ತರಿಸಿದ್ದನ್ನು ಮತ್ತೆ ಅಂಟಿಸಿದ್ದು ಅವನ ದುಡುಕು ಎಂದೇ ಇಟ್ಟುಕೊಂಡರೂ ಒಂದು ಚಲನಚಿತ್ರಕ್ಕೆ 10 ವರ್ಷದ ಸೆರೆ ಘೋರ ಅನ್ಯಾಯ. ಸಿನಿಮಾಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆಯೂ ಆಗ ಇರಲಿಲ್ಲ. ಅದು ಬರೀ ವ್ಯಾಪಾರವೆಂದು ಸುಪ್ರೀಂ ಕೋರ್ಟ್ 1915ರಲ್ಲಿ ಹೇಳಿತ್ತು. ಆ ಮಾತು 1952ರವರೆಗೆ ಬದಲಾಗಲಿಲ್ಲ.

ಪ್ರಶ್ನೆ: ಚಿತ್ರವೇ ಉಳಿದಿಲ್ಲ. ಹಾಗಿದ್ದರೆ ಅದರಲ್ಲಿ ಇಂಥ ದೃಶ್ಯವಿತ್ತು ಎಂದು ಹೇಳುವುದು ಹೇಗೆ? ಸೆನ್ಸಾರ್ ಪಟ್ಟಿಗಳನ್ನು ಎಷ್ಟು ನಂಬಬಹುದು?

ಉತ್ತರ: ಈ ಚಿತ್ರದ ಮಟ್ಟಿಗೆ ನ್ಯಾಯಾಲಯದ ತೀರ್ಪೇ ದೊಡ್ಡ ಆಧಾರ. ಆ ಕಾಲದ ಬೇರೆ ಯುದ್ಧಚಿತ್ರಗಳಿಗೆ ವಾರಪತ್ರಿಕೆ ‘ಎಕ್ಸಿಬಿಟರ್ಸ್ ಹೆರಾಲ್ಡ್’ನಲ್ಲಿ ಬರುತ್ತಿದ್ದ ಷಿಕಾಗೋ ಸೆನ್ಸಾರ್ ಕಡಿತಗಳ ಪಟ್ಟಿ ನೆರವಾಗುತ್ತದೆ. ಯಾವ ದೃಶ್ಯ ಪೂರ್ತಿ ಹೋಯಿತು, ಯಾವುದನ್ನು ಕ್ಷಣಮಾತ್ರಕ್ಕೆ ಇಳಿಸಿದರು, ಯಾವ ಬರಹಫಲಕ ತೆಗೆದರು ಎಂಬುದು ಅಲ್ಲಿ ಸಿಗುತ್ತದೆ.

ಓದುವಾಗ ಎಡವುವುದು ಎರಡು ಕಡೆ. ಪಟ್ಟಿಯಲ್ಲಿರುವುದು ಆಕ್ಷೇಪಕ್ಕೆ ಗುರಿಯಾದದ್ದು ಮಾತ್ರ. ಅದನ್ನೇ ಪೋಣಿಸಿದರೆ ಇಡೀ ಚಿತ್ರ ಕೊಲೆ, ಅತ್ಯಾಚಾರಗಳ ಸರಮಾಲೆಯಂತೆ ಕಾಣುತ್ತದೆ. ತಾಯಿ ಮಗನನ್ನು ಬೀಳ್ಕೊಡುವ ದೃಶ್ಯಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಪಟ್ಟಿಯನ್ನು ಹಕ್ಕುಸ್ವಾಮ್ಯ ಅರ್ಜಿಯ ಜೊತೆಗಿಟ್ಟ ಕಥಾಸಾರದ ಪಕ್ಕದಲ್ಲಿಟ್ಟೇ ಓದಬೇಕು. ಆ ಅರ್ಜಿಗಳು ಸೇರುತ್ತಿದ್ದ ಲೈಬ್ರರಿ ಆಫ್ ಕಾಂಗ್ರೆಸ್ ಆಗೆಲ್ಲ ಪ್ರಿಂಟ್‌ಗಳನ್ನು ಬೆಂಕಿಯ ಭಯದಿಂದ ವಾಪಸು ಕಳಿಸಿ ಬರಹವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಎರಡನೆಯದು, ಕತ್ತರಿ ಬೀಳುತ್ತಿದ್ದುದು ಆ ಊರಿನ ಪ್ರಿಂಟ್‌ಗೆ, ಮೂಲ ನೆಗೆಟಿವ್‌ಗಲ್ಲ. ಪೆನ್ಸಿಲ್ವೇನಿಯಾ, ಒಹಾಯೊ, ಕಾನ್ಸಾಸ್ ರಾಜ್ಯಗಳಿಗೆ ಅವವೇ ಸೆನ್ಸಾರ್ ಮಂಡಳಿಗಳಿದ್ದವು. ಒಂದೇ ಚಿತ್ರ ಬೇರೆ ಬೇರೆ ಕಡೆ ಬೇರೆ ಬೇರೆ ರೂಪದಲ್ಲಿ ಓಡಿತು. ನ್ಯೂಯಾರ್ಕ್ ರಾಜ್ಯದ ದಫ್ತರದಲ್ಲಿ ಸಾವಿರಾರು ಚಿತ್ರಗಳ ಸೆನ್ಸಾರ್ ಕಡತಗಳಿವೆ, ಆದರೆ ಅವು ಶುರುವಾಗುವುದು 1921ರಿಂದ. 1917ರ ಚಿತ್ರವನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಡಿತದ ಅಳತೆ ಅಡಿಯಲ್ಲಿದ್ದರೆ ಲೆಕ್ಕ ಹೀಗೆ: 35 ಮಿ.ಮೀ. ಫಿಲ್ಮಿನ ಒಂದಡಿಗೆ 16 ಫ್ರೇಮ್. 20 ಅಡಿ ಎಂದರೆ 320 ಫ್ರೇಮ್. ಸೆಕೆಂಡಿಗೆ 16ರಂತೆ ಓಡಿಸಿದರೆ 20 ಸೆಕೆಂಡ್, 20ರಂತೆ ಓಡಿಸಿದರೆ 16. ಮೂಕಿ ಚಿತ್ರಕ್ಕೆ ನಿಗದಿತ ವೇಗವಿರಲಿಲ್ಲವಾದ್ದರಿಂದ ‘ಇಷ್ಟು ನಿಮಿಷದ ಚಿತ್ರ’ ಎಂಬ ಮಾತನ್ನು ಎಂದೂ ಅಂದಾಜೆಂದೇ ತಿಳಿಯಿರಿ. 1,000 ಅಡಿಯ ಒಂದು ರೀಲು ಎನ್ನುವುದೇ ಗಟ್ಟಿ ಅಳತೆ.

ಪ್ರಶ್ನೆ: ಇಂಥ ಚಿತ್ರಗಳು ಇನ್ನೂ ಎಲ್ಲಾದರೂ ಸಿಗಬಹುದೇ?

ಉತ್ತರ: ಸಿಗಬಹುದು. ಕೆನಡಾದ ಡಾಸನ್ ಸಿಟಿಯಲ್ಲಿ ಮುಚ್ಚಿಹೋಗಿದ್ದ ಈಜುಕೊಳದಿಂದ 1978ರಲ್ಲಿ 533 ರೀಲುಗಳನ್ನು ಅಗೆದು ತೆಗೆದರು. ಆದರೂ ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ನೂರಕ್ಕೆ 14 ಮಾತ್ರ.

ಹಳೆಯ 35 ಮಿ.ಮೀ. ರೀಲು ಕೈಗೆ ಬಂದರೆ ಅಂಚಿನಲ್ಲಿ ‘ನೈಟ್ರೇಟ್’ ಎಂಬ ಅಚ್ಚು ಇದೆಯೇ ನೋಡಿ; ಅದು ಬೇಗ ಬೆಂಕಿ ಹತ್ತುವ ಹಳೆಯ ಬಗೆಯ ಫಿಲ್ಮ್. ಅಚ್ಚಿಲ್ಲದಿದ್ದರೂ ಕಾಲ ಹಳೆಯದಾದರೆ ನೈಟ್ರೇಟ್ ಎಂದೇ ಎಣಿಸಿ. ತುಂಡು ಸುಟ್ಟು ಪರೀಕ್ಷಿಸುವುದು ಬೇಡವೇ ಬೇಡ. ಅದು ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುವುದರಿಂದ ನೀರಿಗೂ ಆರುವುದಿಲ್ಲ. ಇಂಥ ಫಿಲ್ಮ್ ಕೊಳೆಯುವಾಗ ಮೊದಲು ಚಿತ್ರ ಮಾಸಿ ಕಂದಾಗುತ್ತದೆ, ಆಮೇಲೆ ಸುತ್ತುಗಳು ಅಂಟಿಕೊಳ್ಳುತ್ತವೆ, ಗುಳ್ಳೆ ಏಳುತ್ತದೆ, ಗಟ್ಟಿಯಾಗಿ ಕೊನೆಗೆ ಕಂದು ಪುಡಿಯಾಗುತ್ತದೆ. ಕೊಳೆತ ನೈಟ್ರೇಟ್ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲೇ ತಾನಾಗಿ ಹೊತ್ತಿಕೊಳ್ಳಬಹುದು. ಅಂಟಿದ ಸುತ್ತುಗಳನ್ನು ಎಳೆದು ಬಿಡಿಸಬೇಡಿ, ಪ್ರೊಜೆಕ್ಟರಿಗೆ ಹಾಕಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ. ತಂಪಾದ, ಗಾಳಿಯಾಡುವ ಜಾಗದಲ್ಲಿಟ್ಟು ಚಲನಚಿತ್ರ ಭಂಡಾರಕ್ಕೆ ತಿಳಿಸಿ. ಅಂಚೆಯಲ್ಲಿ ಮಾತ್ರ ಕಳಿಸಬೇಡಿ.