ಮಗಳು ಸೈಕಾಲಜಿ ಓದಲಿ, ಆದರೆ ಅಡ್ಡದಾರಿ ಬೇಡ

ಪತ್ರ: ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಈಗ ಸೈಕಾಲಜಿ ಓದಿ ಥೆರಪಿಸ್ಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಕೌನ್ಸೆಲರ್ ಆಗಬಹುದು ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ಅಷ್ಟು ಸಾಕೇ? ಇದೇನು ಈಗಿನವರ ಹೊಸ ಗೀಳೋ? ನಾಳೆ ಹುಚ್ಚಾಸ್ಪತ್ರೆಯಲ್ಲಿ ಕೆಲಸ ಅಂದರೆ ಮದುವೆಗೆ ತೊಡಕಾಗುವುದಿಲ್ಲವೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಅಕ್ಕಾ, ನಮಸ್ಕಾರ.

ಮೊದಲು ಮೂರು ತಿಂಗಳ ಕೋರ್ಸಿನ ಮಾತು. ಸಾಕಾಗುವುದಿಲ್ಲ. ದುಡ್ಡು ಕಟ್ಟಬೇಡಿ.

ಯಾಕೆ ಅಂತ ಹೇಳಲು ನಮ್ಮ ಮನೆಯದೇ ಒಂದು ವಿಷಯ ಬರೆಯುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ನಿದ್ದೆ ಹಾರಿಹೋಯಿತು. ಊಟ ಸೇರುತ್ತಿರಲಿಲ್ಲ. ‘ಎದಿ ಡವಡವ ಅಂತದ, ಕೈಕಾಲು ತಣ್ಣಗ ಆಗ್ತಾವ’ ಅನ್ನುತ್ತಿದ್ದಳು. ಯಾರೋ ಹೇಳಿದರೆಂದು ಒಬ್ಬ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. ಗೋಡೆ ತುಂಬ ಸರ್ಟಿಫಿಕೇಟು. ಇಪ್ಪತ್ತೇ ನಿಮಿಷ ಮಾತಾಡಿದರು. ಧ್ಯಾನ ಮಾಡಿ, ಕೆಟ್ಟ ಯೋಚನೆ ಬಿಡಿ ಅಂದರು. ಅವ್ವ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಆಮೇಲೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಕುಳಿತಿದ್ದವಳು ಇನ್ನೂ ತರಬೇತಿಯಲ್ಲಿದ್ದ ಹುಡುಗಿ. ಕೈಯಲ್ಲೊಂದು ನೋಟ್‌ಬುಕ್ಕು. ‘ರಾತ್ರಿ ಎಷ್ಟಕ್ಕೆ ಎಚ್ಚರ ಆಗ್ತದ ಅಮ್ಮಾ? ಎದ್ದು ಏನು ಮಾಡ್ತೀರಿ?’ ಅಂತ ಕೇಳಿದಳು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಲ್ಕಕ್ಕ ಏಳ್ತೀನಿ. ಎರಡು ಕಪ್ಪು ಚಹಾ ಮಾಡ್ತೀನಿ. ಆಮ್ಯಾಲ ಒಂದು ಚೆಲ್ತೀನಿ’ ಅಂದಳು. ಅದೇ ಮನೆಯಲ್ಲಿ ಮಲಗುವ ನನಗೆ ಇದು ಗೊತ್ತೇ ಇರಲಿಲ್ಲ. ಆ ಹುಡುಗಿ ಸಮಾಧಾನದ ಮಾತೇನೂ ಆಡಲಿಲ್ಲ. ಅವ್ವ ಅತ್ತು ಮುಗಿಸುವವರೆಗೆ ಕಾದಳು. ಕೊನೆಗೆ, ‘ನಮ್ಮ ಮೇಡಂ ಹತ್ರ ಮಾತಾಡಿ ಬರ್ತೀನಿ’ ಎಂದು ಎದ್ದು ಹೋದಳು.

ನನಗೆ ಸಿಟ್ಟು ಬಂತು. ಇವಳಿಗೇ ಗೊತ್ತಿಲ್ಲವಲ್ಲ ಅನ್ನಿಸಿತು. ಆ ಹುಡುಗಿ ಕಲಿಯುತ್ತಿದ್ದ ಮುಖ್ಯ ಪಾಠವೇ ಅದು ಎಂದು ಆಮೇಲೆ ತಿಳಿಯಿತು. ತಾನು ಕೇಳಿದ್ದನ್ನು, ತನಗೆ ತೋಚಿದ್ದನ್ನು ಅನುಭವ ಇರುವವರ ಮುಂದಿಟ್ಟು ತಿದ್ದಿಸಿಕೊಳ್ಳುವುದು. ಇದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿದರೆ ಇದು ಬರುವುದಿಲ್ಲ.

ಈಗ ದಾರಿ ಹೇಳುತ್ತೇನೆ. ಔಷಧಿ ಬರೆಯುವ ಮನೋವೈದ್ಯರಾಗಲು ಎಂಬಿಬಿಎಸ್ ಮತ್ತು ಆಮೇಲೆ ಸೈಕಿಯಾಟ್ರಿಯಲ್ಲಿ ಎಂ.ಡಿ. ಆಗಬೇಕು. ಅದಕ್ಕೆ ನೀಟ್ ಬೇಕೇ ಬೇಕು. ಮಗಳು ಕೇಳುತ್ತಿರುವ ದಾರಿ ಬೇರೆ. ಇಲ್ಲಿಯವರೆಗಿನ ರೂಢಿ ಹೀಗಿತ್ತು: ಸೈಕಾಲಜಿ ಇರುವ ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ., ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ., ಅದರ ಮೇಲೆ ಆಸ್ಪತ್ರೆಯಲ್ಲೇ ಇದ್ದು ಮಾಡುವ ಎರಡು ವರ್ಷದ ಎಂ.ಫಿಲ್. ಒಟ್ಟು ಏಳು ವರ್ಷ. ಇಷ್ಟು ಓದಿ, ಔಷಧಿ ಬರೆಯದೆ ಮಾತಿನ ಮೂಲಕ ಚಿಕಿತ್ಸೆ ಕೊಡುವವರಿಗೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇವರು ಯಾರು ಎಂದು ಹೇಳುವಾಗ ಈ ಎರಡು ವರ್ಷದ ಪೂರ್ಣಾವಧಿ ತರಬೇತಿಯ ಮಾತನ್ನು ಎತ್ತುತ್ತದೆ. ಕೋರ್ಸಿಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರಬೇಕು. ಓದು ಮುಗಿದ ಮೇಲೆ ಅಲ್ಲೇ ಹೆಸರು ನೋಂದಾಯಿಸಬೇಕು.

ಈ ದಾರಿ ಈಗ ಬದಲಾಗುತ್ತಿದೆ, ಅದಕ್ಕೇ ಹುಷಾರಾಗಿರಿ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ 2025-26ರವರೆಗೆ ವಿನಾಯಿತಿ ಕೊಟ್ಟಿತು. ಆರ್‌ಸಿಐ ಬದಲಿಗೆ ನಾಲ್ಕು ವರ್ಷದ ಬಿ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ ಆನರ್ಸ್, ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿ ಅಂತ ಹೊಸ ಕೋರ್ಸುಗಳನ್ನು ತಂದಿದೆ. ಹಾಗಾಗಿ ಪಕ್ಕದ ಮನೆಯವರ ಮಗಳು ಐದು ವರ್ಷದ ಹಿಂದೆ ಏನು ಓದಿದಳು ಅಂತ ನೋಡಿ ನಿರ್ಧಾರ ಮಾಡಬೇಡಿ. ಕ್ಲಿನಿಕಲ್ ಕೋರ್ಸಿಗೆ ಸೇರುವ ದಿನ ಆರ್‌ಸಿಐ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಹೆಸರಿದೆಯಾ ಅಂತ ನೀವೇ ಕಣ್ಣಾರೆ ನೋಡಿ. ಮನೆಯಲ್ಲಿ ಕುಳಿತು ಸೈಕಾಲಜಿ ಡಿಗ್ರಿ ಮಾಡುವ ಆಸೆಯೂ ಬೇಡ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಸೈಕಾಲಜಿಗೆ ಸೇರಿಸಿಕೊಳ್ಳಬಾರದು ಎಂದು ಯುಜಿಸಿ ಹೇಳಿದೆ.

ಎಲ್ಲರೂ ಕ್ಲಿನಿಕಲ್ ಸೈಕಾಲಜಿಸ್ಟೇ ಆಗಬೇಕಿಲ್ಲ. ಎಂ.ಎ. ಮುಗಿಸಿ ಶಾಲೆ, ಕಾಲೇಜು, ಸಂಸ್ಥೆಗಳಲ್ಲಿ ಕೌನ್ಸೆಲರ್ ಆದವರು ಬೇಕಾದಷ್ಟು ಜನ ಇದ್ದಾರೆ. ಸೋಶಿಯಲ್ ವರ್ಕ್ ಓದಿ ಈ ಕಡೆ ಬಂದವರೂ ಇದ್ದಾರೆ. ಆದರೆ ಯಾವ ದಾರಿಯಾದರೂ ತಿದ್ದುವವರ ಕೈಕೆಳಗೆ ದುಡಿದ ಕಾಲ ಇರಲೇಬೇಕು. ಇದರಲ್ಲಿ ನಾನು ರಾಜಿ ಆಗಲಾರೆ.

ಹೊಸ ಗೀಳು ಅಂದಿರಿ. ಅಲ್ಲ ಅಕ್ಕಾ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ರೇಡಿಯೊ ಆರಂಭಿಸಿದವರು. ಬೆಂಗಳೂರಿನ ನಿಮ್ಹಾನ್ಸ್ ಈ ಹೆಸರು ಪಡೆದದ್ದು 1974ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಅಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ತೆರೆದಿತ್ತು. ನಿಮಗೆ ಹತ್ತಿರದ ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ, ಕರ್ನಾಟಕ ವಿಶ್ವವಿದ್ಯಾಲಯವೂ ಇದೆ. ಡಿಗ್ರಿಗೇ ಬೆಂಗಳೂರಿಗೆ ಕಳಿಸಬೇಕು ಅಂತೇನೂ ಇಲ್ಲ.

ಇನ್ನೊಂದು ಮಾತು. ಪುಸ್ತಕವೆಲ್ಲ ಜಾಸ್ತಿ ಇಂಗ್ಲಿಷಿನಲ್ಲೇ ಇರುತ್ತದೆ. ಕಷ್ಟ ಆಗುತ್ತದೆ, ಮೊದಲ ವರ್ಷ ಮಗಳು ಅಳಬಹುದು. ಆದರೆ ‘ಎದಿ ಡವಡವ’ ಅಂದರೆ ಏನು, ‘ಜೀವಕ್ಕ ಸಮಾಧಾನ ಇಲ್ಲ’ ಅಂದರೆ ಏನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇಂಥವರು ಬೇಕು. ಅವ್ವ ಚಹಾದ ಮಾತು ಹೇಳಿದ್ದು ಆ ಹುಡುಗಿ ಅವ್ವನ ಮಾತಿನಲ್ಲೇ ಕೇಳಿದ್ದಕ್ಕೆ.

ಮದುವೆಯ ಚಿಂತೆ ನನಗೆ ಅರ್ಥವಾಗುತ್ತದೆ, ಹೆಣ್ಣುಮಕ್ಕಳ ತಾಯಿ ನೀವು. ಆದರೆ ಇಷ್ಟು ವರ್ಷ ಓದಿ ತನ್ನ ಕಾಲ ಮೇಲೆ ನಿಂತ ಮಗಳನ್ನು ಆ ಕಾರಣಕ್ಕೆ ಬೇಡ ಅನ್ನುವ ಮನೆ ಅವಳಿಗೂ ಬೇಡ, ಅಲ್ವಾ? ‘ಹುಚ್ಚಾಸ್ಪತ್ರೆ’ ಅನ್ನುವ ಮಾತನ್ನು ಮಾತ್ರ ಮನೆಯಲ್ಲಿ ಇವತ್ತೇ ಬಿಟ್ಟುಬಿಡಿ. ನಮ್ಮವ್ವ ಹೋಗಿದ್ದೂ ಅಂಥ ಕಡೆಗೇ.

ಡಿಗ್ರಿ ಪ್ರವೇಶ ಮುಗಿಯುವ ಮೊದಲು ಒಮ್ಮೆ ಇಬ್ಬರೂ ಧಾರವಾಡಕ್ಕೆ ಹೋಗಿಬನ್ನಿ. ಸೈಕಾಲಜಿ ಲ್ಯಾಬ್ ಇದೆಯಾ, ಪಾಠಕ್ಕೆ ಕಾಯಂ ಅಧ್ಯಾಪಕರಿದ್ದಾರಾ, ಕೊನೆಯ ವರ್ಷದ ಮಕ್ಕಳನ್ನು ಆಸ್ಪತ್ರೆಗೋ ಶಾಲೆಗೋ ಕಳಿಸುತ್ತಾರಾ ಅಂತ ಕೇಳಬೇಕು. ಮಗಳೇ ಕೇಳಲಿ. ನೀವು ಪಕ್ಕದಲ್ಲಿ ಕುಳಿತಿರಿ, ಸಾಕು.

– ಸಂಪಾದಕಿ